ತಜ್ಞರ ಉತ್ತರ: ಕ್ಲೋನ್ ಕ್ಯಾರೆಕ್ಟರ್ ಹಾಕಿದ್ರೆ ಆಟ ಆಡೋರಿಗೆ ಮೋಸ ಮಾಡ್ದಂಗಾ?

ಓದುಗರ ಪ್ರಶ್ನೆ: "ಸರ್, ನಾವು ಮೈಸೂರಲ್ಲಿ ಫೈನಲ್ ಇಯರ್ ಇಂಜಿನಿಯರಿಂಗ್ ಓದ್ತಿರೋ ನಾಲ್ಕು ಜನ. ಪ್ರಾಜೆಕ್ಟಿಗೆ ಅಂತ ಒಂದು 2ಡಿ ಫೈಟಿಂಗ್ ಗೇಮ್ ಮಾಡ್ತಿದೀವಿ, ಡ್ರಾಯಿಂಗ್ ಎಲ್ಲಾ ಕೈಯಲ್ಲೇ. ನಾಲ್ಕು ಕ್ಯಾರೆಕ್ಟರ್ ರೆಡಿ ಇವೆ, ಅದ್ರಲ್ಲಿ ಒಬ್ಬ ಗರಡಿ ಪೈಲ್ವಾನ್, ಇನ್ನೊಬ್ಳು ದೊಣ್ಣೆವರಸೆ ಹುಡುಗಿ. ಇನ್ನು ಐದು ತಿಂಗಳು ಟೈಮಿದೆ, ಚಿತ್ರ ಬರೆಯೋನು ಒಬ್ಬನೇ. ಪೂರ್ತಿ ಹೊಸ ಕ್ಯಾರೆಕ್ಟರ್ ಒಂದು ಮಾಡೋದಾ, ಇಲ್ಲಾ ಪೈಲ್ವಾನನಿಗೆ ಒಬ್ಬ ತಮ್ಮ, ದೊಣ್ಣೆ ಹುಡುಗಿಗೆ ಒಬ್ಬ ಅಣ್ಣ ಅಂತ ಎರಡು ಕ್ಲೋನ್ (ಇರೋ ಕ್ಯಾರೆಕ್ಟರ್ ಚಿತ್ರ, ಹೊಡೆತಗಳನ್ನೇ ಸ್ವಲ್ಪ ಬದಲಾಯ್ಸಿ ಮಾಡೋ ಇನ್ನೊಂದು ಕ್ಯಾರೆಕ್ಟರ್) ಮಾಡೋದಾ ಅಂತ ನಮ್ಮಲ್ಲೇ ಜಗಳ. ತಮ್ಮ ಸ್ವಲ್ಪ ಫಾಸ್ಟ್, ಡ್ಯಾಮೇಜ್ ಸ್ವಲ್ಪ ಕಮ್ಮಿ. ಹುಡುಗಿ ದೊಣ್ಣೆ ತುದೀಲಿ ತಗುಲಿದ್ರೆ ಜೋರು, ಅಣ್ಣಂದು ಉಲ್ಟಾ, ಕೈ ಹತ್ರ ತಗುಲಿದ್ರೆ ಜೋರು. ಇದು ನಮ್ ಪ್ಲಾನ್. ಟೀಮಲ್ಲಿ ಒಬ್ಬ 'ಬಣ್ಣ ಬದಲಾಯ್ಸಿ ನಂಬರ್ ಜಾಸ್ತಿ ತೋರ್ಸೋದು ಕಂಪ್ನಿಯವ್ರ ಮೋಸ, ನಾವ್ಯಾಕೆ ಅದನ್ನ ಮಾಡ್ಬೇಕು' ಅಂತಾನೆ. ನಾನು ಸ್ಟ್ರೀಟ್ ಫೈಟರ್ 6 ಅನ್ನೋ ಫೈಟಿಂಗ್ ಗೇಮಲ್ಲಿ ಕೆನ್ ಅನ್ನೋ ಕ್ಯಾರೆಕ್ಟರ್ ಆಡ್ತೀನಿ, ಅದಕ್ಕೂ 'ರ್ಯೂ ಕಾಪಿ' ಅಂತ ಆಡ್ಕೋತಾರೆ. ಕ್ಲೋನ್‌ಗೆ ನಿಜವಾಗ್ಲೂ ಬೆಲೆ ಇದ್ಯಾ?"

ಉತ್ತರ: ನಿಮ್ಮ ಪ್ರಶ್ನೆ ಓದ್ದಾಗ ನಂಗೆ ಅನ್ಸಿದ್ದು, ನಿಮ್ ಟೀಮಲ್ಲಿ ನಡೀತಿರೋ ಜಗಳ ದುಡಿದು ತಿನ್ನೋ ಸ್ಟುಡಿಯೋಗಳಲ್ಲೂ ಹೀಗೇ ನಡೆಯತ್ತೆ, ಮಾತುಗಳೂ ಹೆಚ್ಚುಕಮ್ಮಿ ಇವೇ. ನಾನು ಗೇಮ್ ಕಂಪ್ನಿಗಳಲ್ಲಿ ಕಾಂಬ್ಯಾಟ್ ಡಿಸೈನ್ ಕೆಲಸ ಮಾಡ್ಕೊಂಡು ಬಂದೋನು, ಅಂದ್ರೆ ಯಾವ ಹೊಡೆತ ಎಷ್ಟು ಫ್ರೇಮಿಗೆ (ಸ್ಕ್ರೀನ್ ಮೇಲೆ ಬಂದು ಹೋಗೋ ಒಂದೊಂದು ಚಿತ್ರ) ಹೊರಗೆ ಬರ್ಬೇಕು, ತಗುಲಿದ್ರೆ ಎದುರಾಳಿ ಎಲ್ಲಿ ಹೋಗಿ ಬೀಳ್ಬೇಕು ಅನ್ನೋದನ್ನ ಕೂತು ತೂಗಿ ನೋಡೋ ಕೆಲಸ, ಆ ಕಡೆಯಿಂದ ಹೇಳ್ತೀನಿ. ನಿಮ್ಮ ಭಯ ಎರಡು ಅಂತ ನಂಗೆ ಅರ್ಥ ಆಯ್ತು. ಒಂದು, ಕ್ಲೋನ್ ಮಾಡಿದ್ರೆ ಸೋಮಾರಿಗಳು ಅನ್ಕೋತಾರಾ ಅನ್ನೋದು. ಇನ್ನೊಂದು, ಅನ್ಕೊಂಡ್ರೂ ಪರವಾಗಿಲ್ಲ, ಅದ್ರಿಂದ ಆಟಕ್ಕೆ ಏನಾದ್ರೂ ಸಿಗತ್ತಾ ಅನ್ನೋದು. ಎರಡನೇದೇ ದೊಡ್ಡ ಪ್ರಶ್ನೆ.

ಮೊದ್ಲು ಕೆನ್ ವಿಚಾರ ಮುಗಿಸ್ಬಿಡೋಣ, ಯಾಕಂದ್ರೆ ಕ್ಲೋನ್ ಕಥೆ ಶುರು ಆಗೋದೇ ಅವನಿಂದ. 1987ರ ಮೊದಲ ಸ್ಟ್ರೀಟ್ ಫೈಟರ್‌ನಲ್ಲಿ ಒಂದನೇ ಆಟಗಾರ ರ್ಯೂ, ಪಕ್ಕದಲ್ಲಿ ಎರಡನೇಯವನು ಕಾಯಿನ್ ಹಾಕಿದ್ರೆ ಅವನು ಕೆನ್, ಇಬ್ರ ಹೊಡೆತಗಳೂ ಒಂದೇ. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಎಂಟು ಜನ ಇದ್ರು, ಆದ್ರೆ ಇಬ್ರು ಆಟಗಾರರು ಒಬ್ಬನೇ ಕ್ಯಾರೆಕ್ಟರ್‌ನ ಆರಿಸ್ಕೊಳೋ ಹಾಗಿರ್ಲಿಲ್ಲ. ಈ ರೂಲ್ ಇಟ್ಕೊಂಡು ಯೋಚ್ನೆ ಮಾಡಿ. ಆರ್ಕೇಡ್ ಮೆಷಿನ್ ಮುಂದೆ ನಿಂತ ಇಬ್ರಿಗೂ ಫೈರ್‌ಬಾಲ್ ಹೊಡೆಯೋನೇ ಬೇಕು, ಒಬ್ಬ ಮೊದ್ಲು ರ್ಯೂನ ತಗೊಂಡ್ಬಿಟ್ಟ, ಇನ್ನೊಬ್ಬನಿಗೆ ಕೆನ್ ಇಲ್ದಿದ್ರೆ ಏನ್ ಗತಿ? ಆ ಇಡೀ ಆಟದಲ್ಲಿ ಇಬ್ರ ಕೈಲೂ ಸಮನಾದ ಆಯುಧ ಇರೋ ಪಂದ್ಯ ಅಂತ ಇದ್ದಿದ್ದು ರ್ಯೂ-ಕೆನ್ ಒಂದೇ. ಅಲ್ಲಿ ಕೆನ್ ರ್ಯೂ ತರಾನೇ ಇರೋದ್ರಿಂದ್ಲೇ ಅವನಿಗೆ ಬೆಲೆ. 1992ರಲ್ಲಿ ಅದೇ ಆಟದ ಚಾಂಪಿಯನ್ ಎಡಿಷನ್ ಬಂತು, ಒಬ್ಬನೇ ಕ್ಯಾರೆಕ್ಟರ್‌ನ ಇಬ್ರೂ ಆಡಬಹುದು ಅಂತ ಆಯ್ತು, ಆ ಕ್ಷಣಕ್ಕೆ ಕೆನ್‌ಗೆ ಇದ್ದ ಕೆಲಸ ಹೋಯ್ತು, ಅದೇ ಆವೃತ್ತಿಯಿಂದ್ಲೇ ಇಬ್ರನ್ನ ಬೇರೆ ಮಾಡೋದೂ ಶುರುವಾಯ್ತು. ಕೆನ್ ಡ್ರ್ಯಾಗನ್ ಪಂಚ್ (ಮೇಲಕ್ಕೆ ಹಾರ್ತಾ ಕೊಡೋ ಮುಷ್ಟಿ ಹೊಡೆತ) ಮುಂದಕ್ಕೆ ಚಾಚ್ಕೊಂಡು ಹೋಗತ್ತೆ, ರ್ಯೂದು ನೆಟ್ಟಗೆ ಮೇಲಕ್ಕೆ. 1993ರ ಸೂಪರ್ ಆವೃತ್ತಿ ಹೊತ್ತಿಗೆ ಕೆನ್ ಮುಷ್ಟಿಗೆ ಬೆಂಕಿ ಹತ್ತಿತ್ತು. ಈಗ ನೀವು ಆಡ್ತಿರೋ 6ರಲ್ಲಂತೂ ಕೆನ್‌ಗೆ ಓಡ್ಕೊಂಡು ಹೋಗಿ ಒದೆಯೋದಿದೆ, ಜಿನ್ರಾಯ್ ಕಿಕ್ ಸರಣಿ ಇದೆ, ರ್ಯೂಗೆ ಮುಂದಿನ ಹೊಡೆತಕ್ಕೆ ಶಕ್ತಿ ತುಂಬ್ಕೊಳೋ ಡೆಂಜಿನ್ ಚಾರ್ಜ್ ಇದೆ, ಇಬ್ರೂ ಗೆಲ್ಲೋ ದಾರಿನೇ ಬೇರೆ. ಆಡ್ಕೊಳೋ ಫ್ರೆಂಡ್‌ಗೆ ಒಂದು ವಾರ ಕೆನ್ ಆಡೋಕೆ ಹೇಳಿ, ರ್ಯೂ ತಲೆ ಇಟ್ಕೊಂಡು ಕೆನ್ ಆಡಿದ್ರೆ ಎಷ್ಟು ಒದೆ ತಿನ್ಬೇಕಾಗತ್ತೆ ಅಂತ ಅವನಿಗೇ ಗೊತ್ತಾಗತ್ತೆ.

ಈಗ ಸೋಮಾರಿತನದ ಮಾತು. ಒಂದು ಕ್ಯಾರೆಕ್ಟರ್ ಮಾಡೋಕೆ ಏನೇನು ಬೇಕು ಅಂತ ಹೊರಗಿನವ್ರಿಗೆ ಅಂದಾಜಿರಲ್ಲ, ನಿಮಗೆ ಈಗಾಗ್ಲೇ ಗೊತ್ತಾಗಿರತ್ತೆ. ನಾಲ್ಕು ಬಟನ್ ಆಟ ಅಂತಾನೇ ಇಟ್ಕೊಳಿ, ನಿಂತು ನಾಲ್ಕು ಹೊಡೆತ, ಕೂತು ನಾಲ್ಕು, ಹಾರಿ ನಾಲ್ಕು, ಅಲ್ಲಿಗೆ 12 ಆಯ್ತು, ಆಮೇಲೆ ಸ್ಪೆಷಲ್ ಮೂವ್, ನಡೆಯೋದು, ಬ್ಲಾಕ್ ಮಾಡೋದು, ಪೆಟ್ಟು ತಿನ್ನೋದು, ಬೀಳೋದು, ಏಳೋದು, ಗೆದ್ದಾಗ ನಿಲ್ಲೋದು, ಇಷ್ಟೂ ಸಾಲ್ದು ಅಂತ ಪೈಲ್ವಾನ್ ಎತ್ತಿ ಎಸೆದಾಗ ಗಾಳೀಲಿ ಒದ್ದಾಡೋ ಚಿತ್ರ ಪ್ರತಿಯೊಬ್ರಿಗೂ ಬೇರೆಬೇರೆ. ಸ್ಕಲ್‌ಗರ್ಲ್ಸ್ ಅಂತ ಕೈಯಲ್ಲೇ ಬರೆದ ಒಂದು ಫೈಟಿಂಗ್ ಗೇಮ್ ಇದೆ, 2012ರದ್ದು. ಅದನ್ನ ಮಾಡಿದವ್ರು 2013ರಲ್ಲಿ ಒಂದೇ ಒಂದು ಹೊಸ ಕ್ಯಾರೆಕ್ಟರ್‌ಗೆ ಅಂತ ಜನರಿಂದ ಚಂದಾ ಎತ್ತೋ ಇಂಡಿಗೋಗೋ ವೆಬ್‌ಸೈಟಲ್ಲಿ 1,50,000 ಡಾಲರ್ ಕೇಳಿದ್ರು, ಲೆಕ್ಕಾನೂ ಬಿಚ್ಚಿ ಇಟ್ರು: ಎಂಟು ಜನಕ್ಕೆ ಹತ್ತು ವಾರದ ಸಂಬಳ 48,000, ಆನಿಮೇಷನ್ ಮತ್ತೆ ಕ್ಲೀನಪ್ ಹೊರಗಡೆ ಕೊಡೋಕೆ 30,000, ಟೆಸ್ಟಿಂಗ್‌ಗೆ 20,000, ಹಿಟ್‌ಬಾಕ್ಸ್ (ಹೊಡೆತ ಎಲ್ಲಿ ತಗುಲತ್ತೆ ಅಂತ ಗುರುತಿಸೋ ಚೌಕ) ಹಾಕ್ಸೋಕೆ 2,000, ಮಿಕ್ಕಿದ್ದು ವಾಯ್ಸು, ಸರ್ಟಿಫಿಕೇಷನ್ನು, ಫೀಸು ಹೀಗೆ. ಅಷ್ಟು ದುಡ್ಡಾ ಅಂತ ಆಗ ಸುಮಾರು ಜನ ಬಾಯಿ ಬಿಟ್ರು, ಇಂಡಸ್ಟ್ರಿ ಒಳಗಿದ್ದವ್ರು ಇಷ್ಟು ಕಮ್ಮೀಲಿ ಹೆಂಗೆ ಮಾಡ್ತಾರೆ ಅಂತ ಬಾಯಿ ಬಿಟ್ರು.

ಆ ಲೆಕ್ಕ ಸರಿಯಾಗಿ ನೋಡಿ, ನಿಮ್ ಜಗಳಕ್ಕೆ ಬೇಕಾದ್ದು ಅಲ್ಲಿದೆ. ಕ್ಲೋನ್ ಮಾಡಿದ್ರೆ ಉಳಿಯೋದು ಡ್ರಾಯಿಂಗ್ ಖರ್ಚು. ಟೆಸ್ಟಿಂಗ್ ಖರ್ಚು ಉಳಿಯಲ್ಲ. ನಾಲ್ಕು ಕ್ಯಾರೆಕ್ಟರ್ ಇದ್ರೆ ಯಾರ್ ಮೇಲೆ ಯಾರು ಅನ್ನೋ ಜೋಡಿಗಳು ಆರು, ಎರಡೂ ಕಡೆ ಒಬ್ಬನೇ ಕ್ಯಾರೆಕ್ಟರ್ ಇರೋದು ನಾಲ್ಕು, ಒಟ್ಟು 10. ಐದಾದ್ರೆ 15. ಆರಾದ್ರೆ 21. ಅಂದ್ರೆ ಹೊಸದೊಂದು ಹಾಕಿದ್ರೆ ಐದು ಜೋಡಿ ಜಾಸ್ತಿ, ಎರಡು ಕ್ಲೋನ್ ಹಾಕಿದ್ರೆ ಹನ್ನೊಂದು ಜೋಡಿ ಜಾಸ್ತಿ, ಕ್ಲೋನ್ ಅಂತ ಯಾವ ಜೋಡೀನೂ ಬಿಡೋಕಾಗಲ್ಲ, ಯಾಕಂದ್ರೆ ಒಂದು ಹೊಡೆತ ಎರಡು ಫ್ರೇಮ್ ಬೇಗ ಬಂದ್ರೂ ಸಾಕು, ಅಣ್ಣನ ಕೈಲಿ ನಡೀದೇ ಇದ್ದ ಕಾಂಬೋ (ಒಂದರ ಹಿಂದೆ ಒಂದು ಬಿಡದೆ ಬೀಳೋ ಹೊಡೆತಗಳು) ತಮ್ಮನ ಕೈಲಿ ಮುಗಿಯದೇ ಇರೋ ಕಾಂಬೋ ಆಗ್ಬಿಡಬಹುದು. ನಾನು ಕೆಲಸ ಮಾಡಿದ ಕಡೆಯೆಲ್ಲಾ ಕ್ಲೋನ್ ವಿಷಯದಲ್ಲಿ ಮ್ಯಾನೇಜರುಗಳ ಅಂದಾಜು ತಪ್ಪೋದು ಇಲ್ಲೇ, ಆರ್ಟಿಸ್ಟ್ ಕೆಲಸ ಕಾಲುಭಾಗ ಆಯ್ತು ಅಂದ್ರೆ ಟೆಸ್ಟರ್ ಕೆಲಸಾನೂ ಕಾಲುಭಾಗ ಅಂತ ಶೆಡ್ಯೂಲ್ ಬರೆದಿರ್ತಾರೆ.

ಇನ್ನೊಂದು ತಪ್ಪು ನಂಬಿಕೆ, ಕ್ಲೋನ್ ಬಂದಿದ್ದಕ್ಕೆ ಒಳ್ಳೆ ಹೊಸ ಕ್ಯಾರೆಕ್ಟರ್ ಒಂದರ ಜಾಗ ಹೋಯ್ತು ಅನ್ನೋದು. ಸಾಮಾನ್ಯವಾಗಿ ಹಾಗಾಗಲ್ಲ. ನಿಂಟೆಂಡೋದ ಫೈಟಿಂಗ್ ಗೇಮ್ ಸ್ಮ್ಯಾಶ್ ಬ್ರದರ್ಸ್ ಡೈರೆಕ್ಟರ್ ಮಸಾಹಿರೋ ಸಕುರಾಯ್ ಇದನ್ನ ಬಿಡಿಸಿ ಹೇಳಿದಾರೆ: 2014ರ ಆಟದಲ್ಲಿ ಲುಸೀನಾ, ಡಾರ್ಕ್ ಪಿಟ್, ಡಾಕ್ಟರ್ ಮಾರಿಯೋ ಮೂವರೂ ಮೊದ್ಲು ಬರೀ ಬೇರೆ ಬಣ್ಣದ ಡ್ರೆಸ್ ಆಗಿದ್ದವ್ರು, ಗುಣ ಸ್ವಲ್ಪ ಬೇರೆ ಇರ್ಲಿ ಅಂತ ಆಮೇಲೆ ಪ್ರತ್ಯೇಕ ಮಾಡಿದ್ದು. ಭರ್ಜರಿ ಊಟ ಆದ್ಮೇಲೆ ಫ್ರೀಯಾಗಿ ಕೊಡೋ ಸಿಹಿ ತರ ಇದು, ಸಿಹಿ ಬೇಡ ಇನ್ನೊಂದು ಊಟಾನೇ ಕೊಡಿ ಅಂತ ಯಾರೂ ಕೇಳಲ್ವಲ್ಲ ಅನ್ನೋ ಅರ್ಥದಲ್ಲಿ ಅವ್ರು ಬರೆದಿದ್ರು. ನಂಗೆ ಈ ಮಾತು ಮುಕ್ಕಾಲು ಒಪ್ಪಿಗೆ. ಕಾಲುಭಾಗ ಒಪ್ಪಿಗೆ ಇಲ್ದೇ ಇರೋದು ಯಾಕಂದ್ರೆ ಫ್ರೀ ಅಂತ ಕೊಟ್ರೆ ಮಾತ್ರ ಅದು ಸಿಹಿ. ಹೊಸ ಕ್ಯಾರೆಕ್ಟರ್ ರೇಟಲ್ಲೇ ಕ್ಲೋನ್ ಮಾರಿದ್ರೆ, ಅಥವಾ ತಿಂಗಳುಗಟ್ಲೆ ಸಸ್ಪೆನ್ಸ್ ಇಟ್ಟು ಕೊನೇಲಿ ಕ್ಲೋನ್ ತೋರ್ಸಿದ್ರೆ, ಜನ ಸಿಟ್ಟಾಗೋದು ನ್ಯಾಯಾನೇ, ನಿಮ್ ಫ್ರೆಂಡ್ ಮೋಸ ಅಂತ ಹೇಳೋದ್ರಲ್ಲಿ ಈ ಭಾಗ ನಿಜ.

ಅದಕ್ಕೆ ಉದಾಹರಣೆ 2014ರ ಅಲ್ಟ್ರಾ ಸ್ಟ್ರೀಟ್ ಫೈಟರ್ 4. ಐದು ಹೊಸ ಕ್ಯಾರೆಕ್ಟರ್ ಅಂದ್ರು, ನಾಲ್ಕನ್ನ ಹೇಳಿ ಐದನೇದನ್ನ ಗುಟ್ಟಾಗಿಟ್ರು, ಜನ ಏನೇನೋ ಕನಸು ಕಂಡಿದ್ರು, ಕೊನೆಗೆ ಬಂದಿದ್ದು ಡೆಕಾಪ್ರೆ, ನೋಡೋಕೆ ಹಳೇ ಕ್ಯಾರೆಕ್ಟರ್ ಕ್ಯಾಮಿಗೆ ಮುಖವಾಡ ಹಾಕ್ದಂಗೆ. ಬೈಗುಳ ಸುರಿಮಳೆ. ಆದ್ರೆ ಆಡಿ ನೋಡಿದ್ರೆ ಡೆಕಾಪ್ರೆ ಚಾರ್ಜ್ ಕ್ಯಾರೆಕ್ಟರ್, ಹಿಂದಕ್ಕೆ ಅಥವಾ ಕೆಳಕ್ಕೆ ಹಿಡ್ಕೊಂಡು ಕಾದು ಬಿಡೋ ಹೊಡೆತಗಳು, ಕ್ಯಾಮಿ ಆಡಿ ಪಳಗಿದ ಕೈಗೆ ಅದು ಹತ್ತೋದೇ ಇಲ್ಲ. ಇನ್ನೂ ಒಂದು ವಿಷಯ ಏನಂದ್ರೆ ಮಿಕ್ಕ ನಾಲ್ಕು ಜನ, ರೊಲೆಂಟೋ, ಎಲೆನಾ, ಪಾಯಿಸನ್, ಹ್ಯೂಗೋ, ಇವ್ರ ಮಾಡೆಲ್‌ಗಳು ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕನ್ ಆಟದಿಂದ ಬಂದಿದ್ದು, ಅವ್ರ ಮೇಲೆ ಇಷ್ಟು ಬೈಗುಳ ಬೀಳ್ಲಿಲ್ಲ. ಅಂದ್ರೆ ಜನ ಕಾಪಿ ಅನ್ನೋದು ಕಣ್ಣಿಗೆ ಕಂಡಿದ್ದನ್ನ ನೋಡಿ, ಕೈಗೆ ಸಿಕ್ಕಿದ್ದನ್ನ ನೋಡಿ ಅಲ್ಲ. ಡ್ರ್ಯಾಗನ್ ಬಾಲ್ ಫೈಟರ್ಜ್‌ನಲ್ಲೂ ಎಷ್ಟೊಂದು ಗೋಕು (ಆ ಕಾರ್ಟೂನ್ ಹೀರೋನ ಬೇರೆಬೇರೆ ರೂಪಗಳು) ಅಂತ ಬೇಜಾರು ಮಾಡ್ಕೊಳೋರು ಇದಾರೆ, ಆಡೋರಿಗೆ ಗೊತ್ತು ಒಬ್ಬೊಬ್ಬ ಗೋಕು ಆಡೋ ರೀತಿನೂ ಬೇರೆ.

ಹಾಗಾದ್ರೆ ಕೈಗೆ ಸಿಗೋ ವ್ಯತ್ಯಾಸ ಅಂದ್ರೆ ಏನು? ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಎಷ್ಟು ಹೊಡೆತ ಬೇರೆ ಇದೆ ಅಂತ ಎಣಿಸೋದ್ರಲ್ಲಿ ಏನೂ ಇಲ್ಲ. ಬೇರೆ ಇರೋ ಆ ಒಂದು ವಿಷಯ ಆಡೋನು ತಗೊಳೋ ತೀರ್ಮಾನವನ್ನ ಬದಲಾಯ್ಸತ್ತಾ ಅಂತ ಮಾತ್ರ ನೋಡ್ಬೇಕು.

2001ರ ಸ್ಮ್ಯಾಶ್ ಬ್ರದರ್ಸ್ ಮೆಲೀ ತಗೊಳಿ. ಫಾಕ್ಸ್‌ಗೆ ಫಾಲ್ಕೋ ಕ್ಲೋನ್, ಇಬ್ರೂ ಒಂದೇ ಭಂಗಿ, ಇಬ್ರ ಕೈಲೂ ಲೇಸರ್ ಪಿಸ್ತೂಲು. ಫಾಕ್ಸ್ ಲೇಸರ್ ಪಟಪಟ ಅಂತ ಬೀಳತ್ತೆ, ಡ್ಯಾಮೇಜ್ ಏರತ್ತೆ, ಆದ್ರೆ ತಗುಲಿದವನು ಒಂಚೂರೂ ಅಲುಗಾಡಲ್ಲ. ಫಾಲ್ಕೋದು ನಿಧಾನ, ಆದ್ರೆ ತಗುಲಿದವನು ಒಂದು ಗಳಿಗೆ ತಡವರಿಸ್ತಾನೆ. ವ್ಯತ್ಯಾಸ ಇಷ್ಟೇ. ಈಗ ಆಟ ಹೆಂಗಾಯ್ತು ನೋಡಿ: ಫಾಕ್ಸ್ ದೂರ ನಿಂತು ಗುಂಡು ಹಾರಿಸ್ತಿದ್ರೆ ಎದುರಾಳಿ ಸುಮ್ನೆ ಡ್ಯಾಮೇಜ್ ತಿನ್ನೋಕಾಗಲ್ಲ ಅಂತ ತಾನೇ ಮೈಮೇಲೆ ಬರ್ಬೇಕಾಗತ್ತೆ, ಫಾಲ್ಕೋ ಗುಂಡು ಹಾರಿಸಿದ್ರೆ ಎದುರಾಳಿ ತಡವರಿಸಿದ ಆ ಗ್ಯಾಪಲ್ಲಿ ಫಾಲ್ಕೋನೇ ಮೈಮೇಲೆ ಹೋಗ್ತಾನೆ. ಅದೇ ಪಿಸ್ತೂಲು, ಅದೇ ಬಟನ್, ಯಾರು ಯಾರ ಹತ್ರ ಹೋಗ್ಬೇಕು ಅನ್ನೋದೇ ತಿರುಗುಮುರುಗು. ಅವ್ರಿಬ್ರ ಶೈನ್ ಕೂಡ ಹಂಗೇ. ಕೆಳಗೆ ಹಿಡಿದು ಬಿ ಒತ್ತಿದ್ರೆ ಮೈಸುತ್ತ ಹೊಳೆಯೋ ನೀಲಿ ಷಟ್ಕೋನ, ಒತ್ತಿದ ಮೊದಲ ಫ್ರೇಮಲ್ಲೇ ತಗುಲತ್ತೆ, ಅಂದ್ರೆ ಸೆಕೆಂಡಿನ ಅರವತ್ತರಲ್ಲಿ ಒಂದು ಭಾಗ. ಫಾಕ್ಸ್ ಶೈನ್ ಎದುರಾಳೀನ ಪಕ್ಕಕ್ಕೆ ತಳ್ಳತ್ತೆ, ಫಾಲ್ಕೋದು ಮೇಲಕ್ಕೆ ಎತ್ತತ್ತೆ. ಪಕ್ಕಕ್ಕೆ ಹೋದವನನ್ನ ಅಟ್ಟಿಸ್ಕೊಂಡು ಹೋಗಿ ಸ್ಟೇಜ್ ಅಂಚಿಂದ ಆಚೆ ದಬ್ಬಬಹುದು, ಮೇಲಕ್ಕೆ ಹೋದವನನ್ನ ಅಲ್ಲೇ ನಿಂತು ಕಾಂಬೋ ಹೊಡೀಬಹುದು. ಇಬ್ರೂ ಆ ಆಟದ ಅತೀ ಬಲಶಾಲಿಗಳ ಸಾಲಲ್ಲೇ ಇರೋರು, ಇಷ್ಟು ವರ್ಷ ಆದ್ರೂ ಒಬ್ಬ ಇನ್ನೊಬ್ಬನನ್ನ ನುಂಗಿ ಹಾಕಿಲ್ಲ. ಕ್ಲೋನ್ ಅಂದ್ರೆ ಹಿಂಗಿರ್ಬೇಕು ಅಂತ ನಂಗೆ ಇವತ್ತಿಗೂ ಅನ್ಸತ್ತೆ.

ಇದೇ ಪಾಠ ಮಾರ್ಟಲ್ ಕಾಂಬಾಟ್ 1992ರಲ್ಲೇ ಕಲಿಸಿತ್ತು. ಸ್ಕಾರ್ಪಿಯನ್, ಸಬ್-ಝೀರೋ ಇಬ್ರಿಗೂ ಒಬ್ಬನೇ ನಟ, ಒಂದೇ ಡ್ರೆಸ್, ಹಳದಿ ಮತ್ತೆ ನೀಲಿ ಬಣ್ಣ. ಒಬ್ಬ ಈಟಿ ಎಸೆದು ಎದುರಾಳೀನ ತನ್ನ ಹತ್ರ ಎಳ್ಕೋತಾನೆ, ಇನ್ನೊಬ್ಬ ಅವನನ್ನ ಇದ್ದಲ್ಲೇ ಮಂಜುಗಟ್ಟಿಸ್ತಾನೆ, ಆಮೇಲೆ ತಾನೇ ನಡ್ಕೊಂಡು ಹೋಗ್ಬೇಕು, ಕೊನೆಗೆ ಇಬ್ರೂ ಕೊಡೋದು ಅದೇ ಅಪ್ಪರ್‌ಕಟ್. ಬಣ್ಣ ಬದಲಾಯ್ಸಿದ್ದು ಅಂತ ಯಾರಾದ್ರೂ ಆಡ್ಕೊಂಡ್ರೆ ಆಡ್ಕೊಳ್ಲಿ, ಆ ಇಬ್ರು ಇಲ್ದೇ ಮಾರ್ಟಲ್ ಕಾಂಬಾಟ್‌ನ ಯೋಚ್ನೆ ಮಾಡೋಕೂ ಆಗಲ್ಲ.

ಈಗ ನಿಮ್ ದೊಣ್ಣೆ ಅಣ್ಣನ ಹತ್ರ ಬರ್ತೀನಿ, ಯಾಕಂದ್ರೆ ನೀವು ಯೋಚ್ನೆ ಮಾಡಿರೋದನ್ನ ಮೆಲೀಲಿ ಆಗಲೇ ಮಾಡಿ ಆಗಿದೆ, ಫಲಿತಾಂಶಾನೂ ಕಣ್ಮುಂದಿದೆ. ಅದ್ರಲ್ಲಿ ಕತ್ತಿ ಹಿಡಿದ ಮಾರ್ತ್ ಅಂತ ಒಬ್ಬ ಇದಾನೆ, ಅವನ ಕತ್ತಿ ತುದೀಲಿ ತಗುಲಿದ್ರೆ ಜೋರು. ಅವನ ಕ್ಲೋನ್ ರಾಯ್‌ದು ಹಿಡಿ ಹತ್ರ ತಗುಲಿದ್ರೆ ಜೋರು. ಪೇಪರ್ ಮೇಲೆ ಎಷ್ಟು ಚೆನ್ನಾಗಿದೆ ಅಲ್ವಾ, ಕನ್ನಡಿ ಹಿಡ್ದಂಗೆ. ಆಟದಲ್ಲಿ ಮಾರ್ತ್ ಮೇಲಿನ ಸಾಲಲ್ಲಿ, ರಾಯ್ ಕೆಳಗಿನ ಸಾಲಲ್ಲಿ. ಕಾರಣ ಸರಳ. ಉದ್ದ ಆಯುಧ ಇರೋನಿಗೆ ದೂರಾನೇ ರಕ್ಷಣೆ, ಮಾರ್ತ್‌ಗೆ ಆ ದೂರದಲ್ಲೇ ಬಲಾನೂ ಇದೆ, ಎರಡೂ ಒಂದೇ ದಿಕ್ಕಿಗೆ ಎಳೀತಾವೆ. ರಾಯ್‌ಗೆ ಬಲ ಬೇಕಂದ್ರೆ ಹತ್ರ ಹೋಗ್ಬೇಕು, ಹತ್ರ ಹೋದ್ರೆ ಉದ್ದ ಕತ್ತಿಯ ಲಾಭ ಹೋಯ್ತು, ಎದುರಾಳಿ ಕೈಗೂ ಸಿಕ್ದ. ಮುಂದಿನ ಆಟಗಳಲ್ಲಿ ರಾಯ್ ಸುಧಾರಿಸಿದ್ದು ಅವನಿಗೆ ಓಟದ ವೇಗ ಕೊಟ್ಟ ಮೇಲೆ, ಹತ್ರ ಹೋಗೋ ದಾರಿ ಸಿಕ್ಕಿದ್ಮೇಲೆ ಹತ್ರದ ಬಲಕ್ಕೂ ಅರ್ಥ ಬಂತು. ಹಾಗಾಗಿ ನಿಮ್ಮ ಅಣ್ಣನಿಗೆ ಬರೀ ಡ್ಯಾಮೇಜ್ ಜಾಗ ಉಲ್ಟಾ ಮಾಡಿದ್ರೆ ತಂಗಿ ಆಡೋ ಯಾವನೂ ಅವನ ಕಡೆ ತಿರುಗಿ ನೋಡಲ್ಲ. ನಡಿಗೆ ವೇಗ ಕೊಡಿ, ಅಥವಾ ಮುಂದಕ್ಕೆ ನುಗ್ಗೋ ಒಂದು ಮೂವ್ ಕೊಡಿ, ಇಲ್ಲಾಂದ್ರೆ ಆ ಐಡಿಯಾ ಬಿಟ್ಬಿಡಿ.

ಮಾರ್ತ್‌ಗೆ ಇನ್ನೊಂದು ಕ್ಲೋನ್ ಲುಸೀನಾ, ಅವಳ ಕತ್ತಿ ಎಲ್ಲಿ ತಗುಲಿದ್ರೂ ಒಂದೇ ಬಲ. ಹೊಸಬರಿಗೆ ದೇವರು ಕೊಟ್ಟಂಗೆ, ತುದಿ ಲೆಕ್ಕಾಚಾರ ಇಲ್ದೇ ಕತ್ತಿ ಕಲೀಬಹುದು. ಆದ್ರೆ 2018ರ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್‌ನಲ್ಲಿ ಟೂರ್ನಮೆಂಟ್ ಆಡೋರಲ್ಲಿ ಬಹಳ ಜನ ಮಾರ್ತ್‌ಗಿಂತ ಲುಸೀನಾನೇ ವಾಸಿ ಅಂತ ಆರಿಸ್ಕೊಂಡ್ರು. ಇದು ಕ್ಲೋನ್‌ಗಳ ದೊಡ್ಡ ಅಪಾಯ, ಇಬ್ರು ತೀರಾ ಹತ್ರ ಇದ್ರೆ ಸ್ವಲ್ಪ ವಾಸಿ ಇರೋನು ಇನ್ನೊಬ್ಬನ ಜಾಗ ಪೂರ್ತಿ ತಗೊಂಡ್ಬಿಡ್ತಾನೆ, ಯಾಕಂದ್ರೆ ಬಿಟ್ಟು ಹೋಗೋದಕ್ಕೆ ಆಟಗಾರನಿಗೆ ಏನೂ ಖರ್ಚಿಲ್ಲ, ಕಲಿತಿದ್ದೆಲ್ಲಾ ಅಲ್ಲೂ ನಡೆಯತ್ತೆ. ಅದೇ ತರ ಎಲ್ಲಿ ತಗುಲಿದ್ರೂ ಒಂದೇ ಬಲದ ದೊಣ್ಣೆ ಅಣ್ಣನನ್ನ ಮಾಡೋದಾದ್ರೆ ಅವನ ಡ್ಯಾಮೇಜ್‌ನ ತಂಗಿಯ ತುದಿ ಮತ್ತೆ ಬುಡದ ಸರಾಸರಿಗೆ ಇಡ್ಬೇಡಿ, ಸರಾಸರಿಗಿಂತ ಒಂಚೂರು ಕೆಳಗಿಡಿ. ಎಲ್ಲಿ ತಗುಲಿದ್ರೂ ಗ್ಯಾರಂಟಿ ಅನ್ನೋದಕ್ಕೇ ಒಂದು ಬೆಲೆ ಇದೆ, ಆ ಬೆಲೆ ಅವನು ಕಟ್ಟಲೇಬೇಕು.

ಪೈಲ್ವಾನ್ ತಮ್ಮನ ವಿಷಯಕ್ಕೆ ನೇರವಾಗಿ ಹೇಳ್ತೀನಿ, ಸ್ವಲ್ಪ ಫಾಸ್ಟ್ ಸ್ವಲ್ಪ ಕಮ್ಮಿ ಡ್ಯಾಮೇಜ್ ಅನ್ನೋದು ನಂಗೆ ಇಷ್ಟ ಆಗ್ಲಿಲ್ಲ. ವೇಗ ಮತ್ತೆ ಡ್ಯಾಮೇಜ್ ಅದಲುಬದಲು ಮಾಡೋದು ಎಲ್ರಿಗೂ ಮೊದ್ಲು ಹೊಳೆಯೋ ಐಡಿಯಾ, ಆದ್ರೆ ಅದ್ರಿಂದ ಆಡೋನು ಮಾಡೋ ಕೆಲಸ ಬದಲಾಗಲ್ಲ, ಅದೇ ಕೆಲಸ ನಾಲ್ಕು ಸಲ ಮಾಡೋ ಬದ್ಲು ಐದು ಸಲ ಮಾಡ್ತಾನೆ ಅಷ್ಟೇ. ಪೈಲ್ವಾನ್ ಅಂದ್ರೆ ಅವನ ಜೀವ ಇರೋದು ಥ್ರೋದಲ್ಲಿ. ಅಣ್ಣ ಎತ್ತಿ ಎಸೆದ್ರೆ ಎದುರಾಳಿ ಸ್ಕ್ರೀನಿನ ಆ ಮೂಲೆಗೆ ಹೋಗಿ ಬೀಳ್ಲಿ, ದೊಡ್ಡ ಡ್ಯಾಮೇಜ್ ಇರ್ಲಿ, ಆದ್ರೆ ಮತ್ತೆ ಹತ್ರ ಹೋಗೋ ಕಷ್ಟ ಮೊದಲಿಂದ ಪಡ್ಬೇಕು. ತಮ್ಮ ಎಸೆದ್ರೆ ಎದುರಾಳಿ ಕಾಲಬುಡದಲ್ಲೇ ಬೀಳ್ಲಿ, ಡ್ಯಾಮೇಜ್ ಅರ್ಧ ಇರ್ಲಿ, ಆದ್ರೆ ಅವನು ಏಳೋ ಹೊತ್ತಿಗೆ ತಮ್ಮ ಪಕ್ಕದಲ್ಲೇ ನಿಂತಿರ್ತಾನೆ. ಈಗ ನೋಡಿ, ಅಣ್ಣನ ಮೇಲೆ ಆಡೋನಿಗೆ ಒಂದ್ಸಲ ಸಿಕ್ಕಿದ್ರೆ ನೋವು, ಆದ್ರೆ ಉಸಿರಾಡೋಕೆ ಟೈಮ್ ಸಿಗತ್ತೆ. ತಮ್ಮನ ಮೇಲೆ ಆಡೋನಿಗೆ ಒಂದ್ಸಲ ಸಿಕ್ಕಿದ್ರೆ ನೋವು ಕಮ್ಮಿ, ಆದ್ರೆ ಬಿಡಿಸ್ಕೊಂಡು ಹೋಗೋದು ಹೇಗೆ ಅನ್ನೋದೇ ಚಿಂತೆ, ಏಳ್ತಾ ಹಾರ್ಲಾ ಬ್ಲಾಕ್ ಮಾಡ್ಲಾ ಅನ್ನೋ ಪ್ರಶ್ನೆ ಮತ್ತೆ ಮತ್ತೆ ಬರತ್ತೆ. ಡ್ರಾಯಿಂಗ್ ಬಹುತೇಕ ಅದೇ, ಕೊನೆಯ ಎರಡು ಮೂರು ಚಿತ್ರ ಬದಲಾದ್ರೆ ಸಾಕು. ಅಪಾಯ ಏನಂದ್ರೆ ತಮ್ಮ ಬೀಳಿಸಿ ಬೀಳಿಸಿ ಬಡಿಯೋ ಮೆಷಿನ್ ಆಗ್ಬಿಡಬಹುದು, ಎದುರಾಳಿ ಎದ್ದ ಕೂಡ್ಲೇ ಸ್ವಲ್ಪ ಫ್ರೇಮ್ ಥ್ರೋ ತಗುಲದ ಹಾಗೆ ಮಾಡಿ, ಐದೋ ಆರೋ ಫ್ರೇಮಿಂದ ಶುರು ಮಾಡಿ ಆಡ್ಸಿ ನೋಡ್ತಾ ಹೊಂದಿಸ್ಕೊಳಿ.

ಕ್ಲೋನ್‌ಗೆ ಇನ್ನೊಂದು ಬೆಲೆ ಇದೆ, ನಿಮ್ಮ ಮೊದಲ ಆಟಕ್ಕೆ ಅದು ಬೇಕಾಗಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ನಂಗೆ ಇದು ಮನಸ್ಸಿಗೆ ಹತ್ತಿರದ್ದು. ಟೆಕ್ಕನ್ ಅನ್ನೋ ಫೈಟಿಂಗ್ ಗೇಮ್ ಸರಣಿಯ 3ನೇ ಆಟದಲ್ಲಿ ಹಳೇ ಕ್ಯಾರೆಕ್ಟರ್ ಕಝುಯಾ ಇರ್ಲಿಲ್ಲ, ಅವನ ಮಗ ಜಿನ್ ಬಂದ, ಅಪ್ಪನ ಮಿಶಿಮಾ ಮನೆತನದ ಹೊಡೆತಗಳು ಮತ್ತೆ ಅಮ್ಮ ಜುನ್ ಹೊಡೆತಗಳು ಎರಡೂ ಸೇರಿಸ್ಕೊಂಡು. ಟೆಕ್ಕನ್ 4ರಲ್ಲಿ ಜಿನ್ ಮಿಶಿಮಾ ಶೈಲಿ ಬಿಟ್ಟು ಕರಾಟೆಗೆ ಹೋದ, ಕಥೆಗೆ ಅದು ಬೇಕಿತ್ತು. ಆದ್ರೆ ಎಲೆಕ್ಟ್ರಿಕ್ ವಿಂಡ್ ಗಾಡ್ ಫಿಸ್ಟ್ ಅನ್ನೋ ಮಿಶಿಮಾ ಹೊಡೆತ ಕಲಿಯೋಕೆ ವರ್ಷಗಟ್ಲೆ ಕೂತವ್ರ ಕಥೆ ಏನು? ಮುಂದೆ ಒತ್ತಿ, ಕೈ ಬಿಟ್ಟು, ಕೆಳಗೆ, ಆಮೇಲೆ ಓರೆಗೆ ಬರೋದು ಮತ್ತೆ ಬಲಮುಷ್ಟಿ ಬಟನ್ ಎರಡೂ ಒಂದೇ ಫ್ರೇಮಲ್ಲಿ ಬೀಳ್ಬೇಕು, ಆಗ ಮಾತ್ರ ಮುಷ್ಟೀಲಿ ಮಿಂಚು ಬರತ್ತೆ, ಒಂದು ಫ್ರೇಮ್ ಆಚೀಚೆ ಆದ್ರೂ ಸಾದಾ ಹೊಡೆತ. ಟೆಕ್ಕನ್ 5ರಲ್ಲಿ ಡೆವಿಲ್ ಜಿನ್ ಅಂತ ಬೇರೆ ಕ್ಯಾರೆಕ್ಟರ್ ಮಾಡಿ ಹಳೇ ಜಿನ್ ಹೊಡೆತಗಳನ್ನ ಅವನ ಕೈಗೆ ಕೊಟ್ರು. ಹೊಸ ಜಿನ್‌ನೂ ಉಳಿದ, ಹಳೇ ಜಿನ್ ಆಡೋರೂ ಉಳಿದ್ರು. ಒಬ್ಬ ಆಟಗಾರ ಕೈಯಲ್ಲಿ ಕೂಡಿಸಿಟ್ಟ ವಿದ್ಯೆಯನ್ನ ಬಿಸಾಕದೇ ಕಾಪಾಡಿದ ಕ್ಲೋನ್ ಅದು, ಅಲ್ಲಿ ಸೋಮಾರಿತನ ಹುಡುಕೋರಿಗೆ ನಾನು ಏನೂ ಹೇಳಲ್ಲ.

ಸರಿ, ಐದು ತಿಂಗಳು, ಒಬ್ಬ ಆರ್ಟಿಸ್ಟ್, ನಡುವೆ ನಿಮ್ಮ ಪರೀಕ್ಷೆಗಳು. ಪೂರ್ತಿ ಹೊಸ ಕ್ಯಾರೆಕ್ಟರ್ ಮಾಡಿದ್ರೆ ಒಳ್ಳೇದೇ, ನೋಡೋರ ಕಣ್ಣಿಗೂ ಚೆನ್ನ, ಆದ್ರೆ ಸಂಬಳ ತಗೊಳೋ ಎಂಟು ಜನಕ್ಕೇ ಹತ್ತು ವಾರ ಹಿಡಿಯೋ ಕೆಲಸ ಅದು, ನಿಮ್ಮ ಆರ್ಟಿಸ್ಟ್ ನಾಲ್ಕನೇ ತಿಂಗಳಿಗೆ ಸುಸ್ತಾಗಿರ್ತಾನೆ, ಬ್ಯಾಲೆನ್ಸ್ ನೋಡೋಕೆ ಟೈಮೇ ಉಳಿಯಲ್ಲ, ಅರೆಬೆಂದ ಐದನೇ ಕ್ಯಾರೆಕ್ಟರ್ ಇರೋ ನಾಲ್ಕನ್ನೂ ಕೆಡಿಸತ್ತೆ. ಎರಡು ಕ್ಲೋನ್ ಅಂದ್ರೆ ಡ್ರಾಯಿಂಗ್ ಹಗುರ, ಜೋಡಿಗಳು 21, ಟೆಸ್ಟ್ ಮಾಡೋಕೆ ಟೀಮಲ್ಲಿ ಮಿಕ್ಕ ಮೂವರೂ ಪೂರ್ತಿ ಕೂರ್ಬೇಕು. ನನ್ನ ಕೇಳಿದ್ರೆ ಒಂದೇ ಕ್ಲೋನ್, ಪೈಲ್ವಾನ್ ತಮ್ಮ. ದೊಣ್ಣೆ ಅಣ್ಣನನ್ನ ಪಕ್ಕಕ್ಕಿಡಿ.

ಆದ್ರೆ ನನ್ ಮಾತು ಕೇಳಿ ತೀರ್ಮಾನ ಮಾಡ್ಬೇಡಿ, ಆಡ್ಸಿ ನೋಡಿ ಮಾಡಿ. ಕ್ಲೋ‌ನ್‌ನಲ್ಲಿ ಇರೋ ಅನುಕೂಲಾನೇ ಅದು, ಒಂದು ಗೆರೇನೂ ಎಳೀದೇ ಪರೀಕ್ಷೆ ಮಾಡಬಹುದು. ಇರೋ ಪೈಲ್ವಾನ್ ಚಿತ್ರಗಳಿಗೆ ಬೂದು ಬಣ್ಣ ಬಳಿದು, ಥ್ರೋ ನಂಬರ್ ಬದಲಾಯ್ಸಿ, ನಿಮ್ ಕ್ಲಾಸಲ್ಲಿ ಪೈಲ್ವಾನನ್ನೇ ಜಾಸ್ತಿ ಆಡೋ ಒಬ್ರ ಕೈಗೆ ಕೊಡಿ, ಏನ್ ಬದಲಾಗಿದೆ ಅಂತ ಹೇಳ್ಬೇಡಿ. ಸ್ವಲ್ಪ ಹೊತ್ತು ಆಡಿದ್ಮೇಲೆ ಕೇಳಿ. 'ಡ್ಯಾಮೇಜ್ ಕಮ್ಮಿ ಅನ್ಸತ್ತೆ' ಅಂದ್ರೆ ನಿಮ್ಮ ಕ್ಲೋನ್ ಇನ್ನೂ ಹುಟ್ಟಿಲ್ಲ. 'ಎಸೆದ್ಮೇಲೆ ಓಡೋದಾ ಇಲ್ಲೇ ಕಾಯೋದಾ ಗೊತ್ತಾಗ್ಲಿಲ್ಲ' ಅಂದ್ರೆ ಆರ್ಟಿಸ್ಟ್‌ಗೆ ಪೆನ್ಸಿಲ್ ತಗೋ ಅನ್ನಿ.

ಚಿತ್ರ ಬರೆಯುವಾಗ ಬರೀ ಬಣ್ಣದ ಮೇಲೆ ನಂಬಿಕೆ ಇಡ್ಬೇಡಿ, ಕೆಂಪು ಹಸಿರು ಗೊತ್ತಾಗದೇ ಇರೋರು ಎಲ್ಲಾ ಕಡೆ ಇರ್ತಾರೆ, ದೂರದಿಂದ ನೆರಳಿನ ಆಕಾರ ನೋಡಿದ್ರೇ ಇವನು ತಮ್ಮ ಅಂತ ತಿಳೀಬೇಕು. ಸ್ಟ್ರೀಟ್ ಫೈಟರ್ 2ರಲ್ಲಿ ರ್ಯೂ ಕೆನ್ ಮೈ ಒಂದೇ, ತಲೆ ಬೇರೆ, ಅಷ್ಟರಲ್ಲೇ ಕೆಲಸ ನಡೀತು. ನೀವೂ ತಲೆಯನ್ನ ಬೇರೆ ಲೇಯರಲ್ಲಿ ಇಟ್ಕೊಂಡಿದ್ರೆ ಜುಟ್ಟು, ಮೀಸೆ, ಮುಂಡಾಸು ಬದಲಾಯ್ಸೋದು ಸುಲಭ, ಎಲ್ಲಾ ಒಂದೇ ಲೇಯರಲ್ಲಿ ಇದ್ರೆ ಈಗ್ಲೇ ಬಿಡಿಸ್ಕೊಳಿ. ಯಾವುದಾದ್ರೂ ಹೊಡೆತ ನಿಧಾನ ಮಾಡ್ಬೇಕಂದ್ರೆ ಇಡೀ ಹೊಡೆತಾನ ಎಳೀಬೇಡಿ, ಕೈ ಹಿಂದಕ್ಕೆ ಎತ್ತಿರೋ ಆ ಒಂದು ಚಿತ್ರಾನ ನಾಲ್ಕೈದು ಫ್ರೇಮ್ ಜಾಸ್ತಿ ಹಿಡೀರಿ, ಹೊಡೆತದ ಬಿಗಿ ಹಾಗೇ ಇರತ್ತೆ, ಎದುರಾಳಿಗೂ ನೋಡಿ ತಪ್ಪಿಸ್ಕೊಳೋಕೆ ಅವಕಾಶ ಸಿಗತ್ತೆ.

ಕೊನೇದಾಗಿ ನಿಮ್ ಫ್ರೆಂಡ್ ಹೇಳೋ ಮೋಸದ ಮಾತಿಗೆ. ಅಲ್ಟಿಮೇಟ್‌ನಲ್ಲಿ ಮಾರ್ತ್ ನಂಬರ್ 21, ಲುಸೀನಾಗೆ 22 ಕೊಡ್ಲಿಲ್ಲ, 21ರ ಪಕ್ಕ ಒಂದು ಎಪ್ಸಿಲಾನ್ (ಗ್ರೀಕ್ ಅಕ್ಷರ) ಗುರುತು ಹಾಕಿ ಎಕೋ ಫೈಟರ್, ಅಂದ್ರೆ ಪ್ರತಿಧ್ವನಿ ಅನ್ನೋ ಅರ್ಥದಲ್ಲಿ ಕರೆದ್ರು, ಬೇಕಂದ್ರೆ ಸೆಲೆಕ್ಟ್ ಸ್ಕ್ರೀನಲ್ಲಿ ಇಬ್ರನ್ನೂ ಒಂದೇ ಚೌಕದಲ್ಲಿ ಇಟ್ಕೊಳೋಕೂ ಆಗತ್ತೆ. ಅದೇ ಆಟದಲ್ಲಿ ನಿಮ್ಮ ಕೆನ್ ಕೂಡ ರ್ಯೂನ ಎಕೋ, ಅವನ ನಂಬರ್‌ಗೂ ಅದೇ ಗುರುತು. ನೀವೂ ಹಾಗೇ ಮಾಡಿ, ತಮ್ಮನ ಚೌಕ ಅಣ್ಣನ ಚೌಕಕ್ಕೆ ಅಂಟ್ಕೊಂಡೇ ಇರ್ಲಿ, ರಿಪೋರ್ಟಲ್ಲಿ 'ನಾಲ್ಕು ಕ್ಯಾರೆಕ್ಟರ್, ಒಂದು ಕ್ಲೋನ್' ಅಂತಾನೇ ಬರೀರಿ, ಐದು ಅಂತ ಬರೀಬೇಡಿ. ವೈವಾದಲ್ಲಿ ಯಾಕೆ ಕ್ಲೋನ್ ಅಂತ ಕೇಳಿದ್ರೆ ಎರಡೂ ಥ್ರೋ ಪಕ್ಕಪಕ್ಕದಲ್ಲಿ ಓಡಿಸಿ ತೋರ್ಸಿ, ಎದುರಾಳಿ ಎಲ್ಲಿ ಬೀಳ್ತಾನೆ ಅಂತ ಅವ್ರೇ ನೋಡ್ಲಿ.